ರೋಟರಿ ಎಂಜಿನಿನ ಮೊಂಡುತನ: ಒಂದು ಪೂರ್ವವೃತ್ತಾಂತ

ಹಿರೋಶಿಮದ ಮಜ್ದಾ ಕಂಪೆನಿಯು 2003ರಿಂದ 2012ರವರೆಗೆ ನಿರ್ಮಿಸಿದ ಆರ್‌ಎಕ್ಸ್-8 ಎಂಬ ಸ್ಪೋರ್ಟ್ಸ್ ಕಾರನ್ನು ಇಟ್ಟುಕೊಂಡವರಲ್ಲಿ ಬಹುಮಂದಿಗೆ ಪರಿಚಿತವಾದ ಆಪತ್ತೊಂದುಂಟು. ಹಿಂದಿನ ಸಂಜೆಯವರೆಗೂ ನಿರಾಯಾಸವಾಗಿ ಓಡಿದ ಗಾಡಿಯನ್ನು, ಷೆಡ್ಡಿನಿಂದ ಅಂಗಳಕ್ಕೆ ತರುವಷ್ಟು ಅಲ್ಪ ಕಾರ್ಯಕ್ಕಾಗಿ ಒಂದು ನಿಮಿಷ ಚಾಲೂ ಮಾಡಿ, ಎಂಜಿನು ಬೆಚ್ಚಗಾಗುವ ಮೊದಲೇ ನಿಲ್ಲಿಸಿಬಿಟ್ಟರೆ, ಮರುದಿನ ಕೀಲಿಯನ್ನು ಎಷ್ಟು ತಿರುಗಿಸಿದರೂ ಸ್ಟಾರ್ಟರು ಗಿರಗಿರನೆ ಸುತ್ತುವುದೇ ಹೊರತು ಎಂಜಿನು ಹತ್ತಿಕೊಳ್ಳುವುದಿಲ್ಲ. ಬ್ಯಾಟರಿ ಸುಸ್ಥಿತಿಯಲ್ಲಿದೆ, ಟ್ಯಾಂಕಿನಲ್ಲಿ ಪೆಟ್ರೋಲಿದೆ, ತಂತಿಯೊಂದೂ ಕಡಿದಿಲ್ಲ. ಆದರೂ ಗಾಡಿ ನಿರ್ಜೀವ. ಇತರ ಕಾರುಗಳಲ್ಲಿ ಕೈ ಪಳಗಿದ ಮೆಕ್ಯಾನಿಕ್ಕನು ಇಲ್ಲಿಯೂ ತನಗೆ ತಿಳಿದ ಕ್ರಮದಲ್ಲಿಯೇ ಚಿಕಿತ್ಸೆಗೆ ತೊಡಗಿ, ಮತ್ತೆ ಮತ್ತೆ ಸೆಲ್ಫ್ ಹೊಡೆದು, ರೋಗವನ್ನು ಉಲ್ಬಣಗೊಳಿಸುವುದೇ ಹೆಚ್ಚು. ಈ ತೊಂದರೆಯು ಒಂದು ಮಾದರಿಯ ಕಾರಿನ ತಯಾರಿಕೆಯಲ್ಲಿ ಅಕಸ್ಮಾತ್ತಾಗಿ ನುಸುಳಿದ ದೋಷವಲ್ಲ. ಅದು ವಂಶಾನುಗತವಾಗಿ ಬಂದದ್ದು. ಅದರ ಮೂಲವನ್ನು ಅರಸಬೇಕಾದರೆ 1950ರ ದಶಕದ ಜರ್ಮನಿಗೆ ಹೋಗಬೇಕು.

ಮೊದಲು ಯಂತ್ರದ ಸ್ವರೂಪವನ್ನು ತಿಳಿಯುವುದು ಅವಶ್ಯಕ. ಸಾಮಾನ್ಯ ಎಂಜಿನಿನಲ್ಲಿ ದುಂಡನೆಯ ಪಿಸ್ಟನ್ನು ದುಂಡನೆಯ ಸಿಲಿಂಡರಿನೊಳಗೆ ಮೇಲಕ್ಕೂ ಕೆಳಕ್ಕೂ ಚಲಿಸುತ್ತಿರುವುದರಿಂದ, ಅದರ ಸುತ್ತ ತೊಡಿಸಿದ ರಿಂಗುಗಳು ಒಳಗಿನ ಒತ್ತಡವನ್ನು ಸೋರಗೊಡದೆ ಹಿಡಿದಿಡುವುದು ಅಷ್ಟೇನೂ ಕಷ್ಟವಲ್ಲ. ರೋಟರಿ ಎಂಜಿನಿನಲ್ಲಿ ಪಿಸ್ಟನ್ನೂ ಇಲ್ಲ, ವಾಲ್ವುಗಳೂ ಇಲ್ಲ. ನಡುವೆ ಕೊಂಚ ಅದುಮಿದಂತಿರುವ ಅಂಡಾಕಾರದ ಕೋಶವೊಂದರಲ್ಲಿ, ಬದಿಗಳು ಉಬ್ಬಿದ ತ್ರಿಕೋನಾಕೃತಿಯ ರೋಟರು ಸುತ್ತುತ್ತದೆ. ಸುತ್ತುವಾಗ ಅದರ ಮೂರು ತುದಿಗಳೂ ಕೋಶದ ಒಳಗೋಡೆಯನ್ನು ಎಡೆಬಿಡದೆ ಸವರುತ್ತಿರುತ್ತವಾದ್ದರಿಂದ, ರೋಟರಿಗೂ ಗೋಡೆಗೂ ನಡುವೆ ಮೂರು ಅವಕಾಶಗಳು ಏರ್ಪಟ್ಟು, ಪ್ರತಿಯೊಂದೂ ಹಿಗ್ಗುತ್ತ ಕುಗ್ಗುತ್ತ, ಗಾಳಿ ಪೆಟ್ರೋಲುಗಳ ಮಿಶ್ರಣವನ್ನು ಹೀರಿ, ಒತ್ತಿ, ಉರಿಸಿ, ಹೊಗೆಯನ್ನು ಹೊರಗಟ್ಟುವ ನಾಲ್ಕು ಕಾರ್ಯಗಳನ್ನೂ ಒಂದೇ ಪ್ರದಕ್ಷಿಣೆಯಲ್ಲಿ ಪೂರೈಸುತ್ತದೆ. ರೋಟರು ಒಂದು ಸುತ್ತು ಮುಗಿಸುವಷ್ಟರಲ್ಲಿ ಅದರ ನಡುವಿನ ಉತ್ಕೇಂದ್ರ ದಂಡವು ಮೂರು ಸುತ್ತು ಸುತ್ತಿರುತ್ತದೆ. ಮೇಲೆ ಕೆಳಗೆ ಬಡಿದಾಡುವ ಭಾಗವೇ ಇಲ್ಲದ ಕಾರಣ ಕಂಪನವು ಅತ್ಯಲ್ಪ. ಗಾತ್ರ ಕಿರಿದು, ತೂಕ ಕಡಮೆ. ಗಣಿತಜ್ಞನು ಮೆಚ್ಚತಕ್ಕ ಯಂತ್ರವಿದು. ಆದರೆ ಅದರ ಬಾಳೆಲ್ಲವೂ ಆ ಮೂರು ತುದಿಗಳಲ್ಲಿದೆ. ಒಂದೊಂದು ತುದಿಯಲ್ಲಿಯೂ ಕೊರೆದ ಸಣ್ಣ ಸೀಳಿನಲ್ಲಿ, ಕೆಳಗೆ ಸ್ಪ್ರಿಂಗನ್ನಿಟ್ಟು, ಎರಡೋ ಮೂರೋ ಮಿಲಿಮೀಟರು ದಪ್ಪದ ಪಟ್ಟಿಯೊಂದನ್ನು ಕೂರಿಸಿರುತ್ತಾರೆ. ಅದಕ್ಕೆ ಏಪೆಕ್ಸ್ ಸೀಲು ಎಂದು ಹೆಸರು. ಈ ಪಟ್ಟಿಯು ಗೋಡೆಯನ್ನು ಬಿಟ್ಟು ಕೂದಲೆಳೆಯಷ್ಟು ಸರಿದರೂ ಒಂದು ಅವಕಾಶದ ಒತ್ತಡ ಮತ್ತೊಂದಕ್ಕೆ ಸೋರಿಹೋಗುತ್ತದೆ. ಒತ್ತಡವಿಲ್ಲದೆ ಕಿಡಿ ಹತ್ತುವಂತಿಲ್ಲ. ಗಾಡಿ ಏಕೆ ಚಾಲೂ ಆಗುವುದಿಲ್ಲವೆಂಬ ಪ್ರಶ್ನೆಗೆ ಉತ್ತರವು ಹತ್ತರಲ್ಲಿ ಎಂಟು ಪಾಲು ಈ ಪಟ್ಟಿಯ ಸುತ್ತಮುತ್ತಲೇ ಇರುತ್ತದೆ.

ಈ ಯಂತ್ರವನ್ನು ಕಲ್ಪಿಸಿದ ಫೆಲಿಕ್ಸ್ ವಾಂಕೆಲ್ 1902ರಲ್ಲಿ ಜರ್ಮನಿಯ ಲಾರ್ ಎಂಬಲ್ಲಿ ಜನಿಸಿದವನು. ವಿಶ್ವವಿದ್ಯಾಲಯದ ಶಿಕ್ಷಣವನ್ನು ಪಡೆಯದೆ, ಸ್ವಂತ ಶ್ರಮದಿಂದಲೇ ಯಂತ್ರವಿದ್ಯೆಯನ್ನು ಕಲಿತು, 1929ರಲ್ಲಿಯೇ ಇಂಥ ಎಂಜಿನೊಂದಕ್ಕೆ ಪೇಟೆಂಟು ಪಡೆದ ಈತನು, ದೃಷ್ಟಿಮಾಂದ್ಯದ ಕಾರಣದಿಂದ ಜೀವಮಾನದಲ್ಲಿ ಕಾರು ನಡೆಸುವ ಲೈಸೆನ್ಸನ್ನೇ ಪಡೆಯಲಿಲ್ಲವೆಂದು ಹೇಳುತ್ತಾರೆ. ತಾರುಣ್ಯದಲ್ಲಿ ನಾತ್ಸಿ ಪಕ್ಷವನ್ನು ಸೇರಿ, ತರುವಾಯ ಅಲ್ಲಿನ ನಾಯಕರೊಡನೆ ಜಗಳವಾಡಿ ಸೆರೆಮನೆಯನ್ನು ಕಂಡು, ಮತ್ತೆ ಅದೇ ಸರ್ಕಾರದ ಯುದ್ಧೋದ್ಯಮಕ್ಕಾಗಿ ದುಡಿದವನಾದ ವಾಂಕೆಲ್ಲನ ರಾಜಕೀಯ ಚರಿತ್ರೆಯು ಅವನ ಯಂತ್ರದಷ್ಟು ಗೌರವಾರ್ಹವಾದುದಲ್ಲ. ನಮ್ಮ ವಿಷಯಕ್ಕೆ ಸಂಬಂಧಪಟ್ಟುದೆಂದರೆ, ಎಂಜಿನುಗಳ ಸೋರಿಕೆಯನ್ನು ತಡೆಯುವ ವಿದ್ಯೆಯೇ ಅವನ ನಿಜವಾದ ಪಾಂಡಿತ್ಯವಾಗಿತ್ತೆಂಬುದು. ಸೀಲುಗಳ ಪಂಡಿತನು ನಿರ್ಮಿಸಿದ ಎಂಜಿನು ಸೀಲುಗಳಿಂದಲೇ ಕೆಡಬೇಕಾದುದು ವಿಧಿಯ ವಿನೋದವೆನ್ನಬೇಕು.

ನೆಕರ್ಸುಲ್ಮ್ ಪಟ್ಟಣದ ಎನ್‌ಎಸ್‌ಯು ಕಂಪೆನಿಯು ಹೆಣಿಗೆ ಯಂತ್ರಗಳಿಂದ ಆರಂಭವಾಗಿ ಮೋಟಾರುಸೈಕಲುಗಳಿಂದ ಪ್ರಸಿದ್ಧವಾದ ಸಂಸ್ಥೆ. 1951ರಿಂದ ವಾಂಕೆಲ್ಲನು ಅದರೊಡನೆ ಸೇರಿ ನಡೆಸಿದ ಪ್ರಯೋಗಗಳ ಫಲವಾಗಿ 1957ರ ಫೆಬ್ರುವರಿ 1ರಂದು ಮೊದಲನೆಯ ಎಂಜಿನು ತಿರುಗಿತು. ಅದರಲ್ಲಿ ರೋಟರೂ ಸುತ್ತುತ್ತಿತ್ತು, ಅದನ್ನು ಒಳಗೊಂಡ ಕೋಶವೂ ಸುತ್ತುತ್ತಿತ್ತು. ವಾಂಕೆಲ್ಲನ ದೃಷ್ಟಿಯಲ್ಲಿ ಇದೇ ಪರಿಶುದ್ಧವಾದ ರೂಪ. ಆದರೆ ಅದರ ಸ್ಪಾರ್ಕ್ ಪ್ಲಗ್ಗನ್ನು ಬದಲಾಯಿಸಬೇಕಾದರೆ ಇಡೀ ಎಂಜಿನನ್ನೇ ಬಿಚ್ಚಬೇಕಾಗಿತ್ತು. ಚಾಲೂ ಆಗದ ಗಾಡಿಯ ಮುಂದೆ ನಿಂತವನಿಗೆ ಇದಕ್ಕಿಂತ ಘೋರವಾದ ಶಿಕ್ಷೆಯನ್ನು ಊಹಿಸಲಾರೆ. ಎನ್‌ಎಸ್‌ಯು ಸಂಸ್ಥೆಯ ಎಂಜಿನಿಯರಾದ ಹಾನ್ಸ್ ಡೀಟರ್ ಪಾಶ್ಕೆ ಎಂಬಾತನು ವಾಂಕೆಲ್ಲನಿಗೆ ತಿಳಿಸದೆಯೇ, ಕೋಶವನ್ನು ಸ್ಥಿರವಾಗಿ ನಿಲ್ಲಿಸಿ ರೋಟರು ಮಾತ್ರ ಸುತ್ತುವಂತೆ ಯಂತ್ರವನ್ನು ಮಾರ್ಪಡಿಸಿದನು. ಪ್ಲಗ್ಗಿಗೆ ಹೊರಗಿನಿಂದ ಕೈ ಎಟುಕಿತು. ತನ್ನ ಪಂದ್ಯದ ಕುದುರೆಯನ್ನು ನೇಗಿಲಿಗೆ ಕಟ್ಟಿದರೆಂದು ವಾಂಕೆಲ್ಲನು ಕೊರಗಿದನಂತೆ. ಇಂದು ಲೋಕವು ವಾಂಕೆಲ್ ಎಂಜಿನು ಎಂದು ಕರೆಯುತ್ತಿರುವುದು ವಾಸ್ತವವಾಗಿ ಪಾಶ್ಕೆಯ ಈ ರೂಪವನ್ನೇ. ರಿಪೇರಿಯ ಸೌಕರ್ಯವು ಗಣಿತದ ಸೌಂದರ್ಯವನ್ನು ಗೆದ್ದ ಈ ಪ್ರಸಂಗದಲ್ಲಿ ನನ್ನ ಪಕ್ಷಪಾತವು ಸಂಪೂರ್ಣವಾಗಿ ಪಾಶ್ಕೆಯ ಕಡೆಗಿದೆ.

1964ರಲ್ಲಿ ಎನ್‌ಎಸ್‌ಯು ಸ್ಪೈಡರ್ ಎಂಬ ಪುಟ್ಟ ಕಾರಿನಲ್ಲಿಯೂ, 1967ರಲ್ಲಿ ಆರ್‌ಒ-80 ಎಂಬ ದೊಡ್ಡ ಕಾರಿನಲ್ಲಿಯೂ ಈ ಎಂಜಿನು ಸಾರ್ವಜನಿಕರ ಕೈಸೇರಿತು. ಆರ್‌ಒ-80ರ ರೂಪವೂ ಸುಖವೂ ಯೂರೋಪನ್ನೇ ಬೆರಗುಗೊಳಿಸಿ, 1968ರ ವರ್ಷದ ಕಾರು ಎಂಬ ಪ್ರಶಸ್ತಿಯನ್ನು ಗಳಿಸಿಕೊಟ್ಟವು. ಆದರೆ ಕೆಲವೇ ಸಾವಿರ ಮೈಲಿಗಳಲ್ಲಿ ಏಪೆಕ್ಸ್ ಸೀಲುಗಳು ಸವೆದು, ಮುಂಜಾನೆಯ ಚಳಿಯಲ್ಲಿ ಗಾಡಿಗಳು ಚಾಲೂ ಆಗಲೊಲ್ಲದೆ, ಚಾಲೂ ಆದವು ಶಕ್ತಿಗುಂದಿ, ದೂರುಗಳ ಮಹಾಪ್ರವಾಹವೇ ಹರಿದುಬಂದಿತು. ಕಂಪೆನಿಯು ಮರುಮಾತಿಲ್ಲದೆ ಎಂಜಿನುಗಳನ್ನು ಬದಲಾಯಿಸಿಕೊಟ್ಟಿತು. ರಸ್ತೆಯಲ್ಲಿ ಇಬ್ಬರು ಆರ್‌ಒ-80 ಒಡೆಯರು ಎದುರುಬದಿರಾದರೆ, ಕೈಯೆತ್ತಿ ನಮಸ್ಕರಿಸುವುದರ ಬದಲು, ತಮ್ಮ ತಮ್ಮ ಗಾಡಿಗೆ ಇದು ಎಷ್ಟನೆಯ ಎಂಜಿನೆಂಬುದನ್ನು ಬೆರಳುಗಳಿಂದ ತೋರಿಸುತ್ತಿದ್ದರೆಂಬ ಹಾಸ್ಯವು ಆ ಕಾಲದಲ್ಲಿ ಹುಟ್ಟಿತು. ಧರ್ಮಿಷ್ಠತೆಯಿಂದ ಕಂಪೆನಿಗಳು ಬದುಕುವುದಿಲ್ಲ. 1969ರಲ್ಲಿ ಎನ್‌ಎಸ್‌ಯು ಫೋಕ್ಸ್‌ವಾಗನ್ ಸಮೂಹದಲ್ಲಿ ಲೀನವಾಯಿತು. 1977ರಲ್ಲಿ ಆರ್‌ಒ-80ರ ತಯಾರಿಕೆ ನಿಂತಿತು.

ಅಷ್ಟರಲ್ಲಿ ಕಥೆಯ ಕೇಂದ್ರವು ಜಪಾನಿಗೆ ಸರಿದಿತ್ತು. 1920ರಲ್ಲಿ ಬಿರಡೆ ತಯಾರಿಸುವ ಕಾರ್ಖಾನೆಯಾಗಿ ಹಿರೋಶಿಮದಲ್ಲಿ ಆರಂಭವಾದ ತೋಯೊ ಕೋಗ್ಯೋ ಸಂಸ್ಥೆಯು 1931ರಿಂದ ಮಜ್ದಾ ಎಂಬ ಹೆಸರಿನ ಮೂರು ಚಕ್ರದ ಸಾಮಾನುಗಾಡಿಗಳನ್ನು ಕಟ್ಟುತ್ತಿತ್ತು. 1945ರ ಆಗಸ್ಟ್ 6ರಂದು ನಗರವು ಅಣುಬಾಂಬಿಗೆ ಆಹುತಿಯಾದಾಗ, ಹಿಜಿಯಾಮ ಗುಡ್ಡವು ಅಡ್ಡವಿದ್ದ ಕಾರಣ ಪೂರ್ವದ ಅಂಚಿನಲ್ಲಿದ್ದ ಕಾರ್ಖಾನೆಯು ಸರ್ವನಾಶದಿಂದ ಪಾರಾಯಿತು. ಪ್ರಾಂತದ ಆಡಳಿತ ಕಚೇರಿಯು ಕೆಲಕಾಲ ಅದರ ಕಟ್ಟಡದಲ್ಲಿಯೇ ಕಾರ್ಯನಡೆಸಿತು. 1960ರ ಸುಮಾರಿಗೆ ಜಪಾನಿನ ಸರ್ಕಾರವು ಸಣ್ಣ ಕಾರು ಕಂಪೆನಿಗಳನ್ನು ದೊಡ್ಡವುಗಳೊಡನೆ ವಿಲೀನಗೊಳಿಸಬೇಕೆಂದು ಯೋಚಿಸುತ್ತಿದ್ದಾಗ, ತಮ್ಮದೇ ಎನ್ನಬಹುದಾದ ವಿದ್ಯೆಯೊಂದಿಲ್ಲದೆ ಉಳಿಗಾಲವಿಲ್ಲವೆಂದರಿತ ಅಧ್ಯಕ್ಷ ತ್ಸುನೆಜಿ ಮತ್ಸುದ ಅವರು ಜರ್ಮನಿಗೆ ಹೋಗಿ ಎನ್‌ಎಸ್‌ಯುವಿನಿಂದ ರೋಟರಿಯ ಹಕ್ಕನ್ನು ಪಡೆದರು. 1961ರ ಜುಲೈಯಲ್ಲಿ ಸರ್ಕಾರದ ಒಪ್ಪಿಗೆ ದೊರೆಯಿತು.

1963ರಲ್ಲಿ ರೋಟರಿಗೆಂದೇ ಪ್ರತ್ಯೇಕ ವಿಭಾಗವೊಂದು ಏರ್ಪಟ್ಟು, ಕೆನಿಚಿ ಯಮಮೊತೊ ಅದರ ಮುಖ್ಯಸ್ಥರಾದರು. ತೋಕ್ಯೊ ಸಾಮ್ರಾಟ ವಿಶ್ವವಿದ್ಯಾಲಯದ ಪದವೀಧರರಾಗಿದ್ದರೂ, ಯುದ್ಧಾನಂತರದ ದಾರಿದ್ರ್ಯದಲ್ಲಿ, ಮೂರು ಚಕ್ರದ ಗಾಡಿಗಳ ಗೇರುಪೆಟ್ಟಿಗೆಯನ್ನು ಜೋಡಿಸುವ ಕಾರ್ಮಿಕರಾಗಿ 1946ರಲ್ಲಿ ಈ ಸಂಸ್ಥೆಯನ್ನು ಸೇರಿದವರು ಅವರು. ಅವರೂ ಸೇರಿ ನಲವತ್ತೇಳು ಮಂದಿಯಿದ್ದ ಆ ತಂಡವನ್ನು, ಜಪಾನಿನ ಪ್ರಸಿದ್ಧ ವೀರಕಥೆಯಲ್ಲಿ ಒಡೆಯನಿಗಾಗಿ ಹೋರಾಡುವ ನಲವತ್ತೇಳು ರೋನಿನ್ನರಿಗೆ ಹೋಲಿಸುವ ರೂಢಿ ಇಂದಿಗೂ ಇದೆ. ಜರ್ಮನಿಯಿಂದ ಬಂದ ಮಾದರಿಯನ್ನು ಅವರು ಪರೀಕ್ಷಾಪೀಠದ ಮೇಲೆ ಓಡಿಸಿ, ಬಿಚ್ಚಿ ನೋಡಿದಾಗ, ಕನ್ನಡಿಯಂತೆ ನುಣುಪಾಗಿರಬೇಕಾದ ಕ್ರೋಮಿಯಂ ಗೋಡೆಯ ಮೇಲೆ ಅಡ್ಡಡ್ಡಲಾದ ಗೀರುಗಳು ಸಾಲುಗಟ್ಟಿದ್ದವು. ಬಿಡುವಿಲ್ಲದೆ ಲಾರಿಗಳು ಓಡಿದ ಮಣ್ಣುರಸ್ತೆಯ ಮೇಲೆ ತಾನಾಗಿಯೇ ಸಮಾಂತರವಾದ ಏಣುಗಳು ಏಳುವಂತೆ, ಸೀಲು ತನ್ನದೇ ಕಂಪನದಿಂದ ಗೋಡೆಯನ್ನು ಕುಕ್ಕಿ ಕುಕ್ಕಿ ಅಲೆಗಳನ್ನು ಮೂಡಿಸಿತ್ತು. ಅವನ್ನು ಅವರು ಪಿಶಾಚಿಯ ಉಗುರುಗೀರುಗಳೆಂದು ಕರೆದರು. ಸೀಲಿಗಾಗಿ ಹತ್ತು ಹಲವು ಪದಾರ್ಥಗಳನ್ನು ಪ್ರಯೋಗಿಸುತ್ತ ಕುದುರೆ ಮತ್ತು ದನಗಳ ಎಲುಬನ್ನೂ ಬಿಡಲಿಲ್ಲವೆಂಬ ಕಥನವೊಂದು ಪ್ರಚಲಿತವಾಗಿದೆ. ಕಟ್ಟಕಡೆಗೆ ಲೋಹದ ಸೀಲಿನ ತುದಿಯ ಸಮೀಪದಲ್ಲಿ ಉದ್ದಕ್ಕೂ ಅಡ್ಡಕ್ಕೂ ರಂಧ್ರಗಳನ್ನು ಕೊರೆದು ಅದರ ಸಹಜ ಕಂಪನಸಂಖ್ಯೆಯನ್ನೇ ಬದಲಿಸಿದಾಗ ಗೀರುಗಳು ಮಾಯವಾದವು. ಮಾರಾಟದ ಕಾರಿಗೆ ನಿಪ್ಪೊನ್ ಕಾರ್ಬನ್ ಸಂಸ್ಥೆಯ ನೆರವಿನಿಂದ, ಅಲ್ಯುಮಿನಿಯಮನ್ನು ಒಳಹೊಗಿಸಿದ ಇಂಗಾಲದ ಸೀಲು ಸಿದ್ಧವಾಯಿತು.

1967ರ ಮೇ 30ರಂದು ಬಿಡುಗಡೆಯಾದ ಕಾಸ್ಮೊ ಸ್ಪೋರ್ಟ್ ಎಂಬ ಕಾರು ಈ ತಪಸ್ಸಿನ ಫಲ. ಎರಡು ರೋಟರುಗಳು, ಒಟ್ಟು 982 ಸಿ.ಸಿ., 110 ಅಶ್ವಶಕ್ತಿ. ಮರುವರ್ಷ ನ್ಯುರ್ಬುರ್ಗ್‌ರಿಂಗ್‌ನಲ್ಲಿ 84 ಗಂಟೆಗಳ ಕಾಲ ನಡೆದ ಓಟದಲ್ಲಿ ಅದಕ್ಕೆ ನಾಲ್ಕನೆಯ ಸ್ಥಾನ. ಜರ್ಮನರು ಸೋತಲ್ಲಿ ಜಪಾನೀಯರು ಗೆದ್ದರೆಂದು ಚರಿತ್ರಕಾರರು ಸಾಮಾನ್ಯವಾಗಿ ಇಲ್ಲಿಗೆ ಜಯಘೋಷ ಮಾಡುತ್ತಾರೆ. ನನಗೆ ತೋರುವಂತೆ ಗೆದ್ದದ್ದು ಅರ್ಧ ಯುದ್ಧವನ್ನು ಮಾತ್ರ. ಓಡುತ್ತಿರುವ ಎಂಜಿನಿನಲ್ಲಿ ಸೀಲು ಗೋಡೆಯನ್ನು ಕೊರೆಯದಂತೆ ಯಮಮೊತೊ ಅವರ ತಂಡವು ಮಾಡಿತು. ನಿಂತಿರುವ ಎಂಜಿನಿನಲ್ಲಿ ಸೀಲು ಗೋಡೆಗೆ ಬಿಗಿಯಾಗಿ ಕೂರುವಂತೆ ಮಾಡುವುದು ಅವರಿಂದಲೂ ಸಾಧ್ಯವಾಗಲಿಲ್ಲ. ಕೇಂದ್ರಾಪಗಾಮಿ ಬಲವೂ ಉರಿಯುವ ಅನಿಲದ ಒತ್ತಡವೂ ಸೀಲನ್ನು ಹೊರಕ್ಕೆ ಒತ್ತುವುದು ಎಂಜಿನು ವೇಗವಾಗಿ ತಿರುಗತೊಡಗಿದ ಮೇಲೆ. ಸ್ಟಾರ್ಟರು ನಿಮಿಷಕ್ಕೆ 250 ಸುತ್ತಿನಂತೆ ಎಳೆಯುತ್ತಿರುವಾಗ ಸೀಲಿಗಿರುವ ಆಸರೆ ಎರಡೇ: ಕೆಳಗಿನ ಬಡ ಸ್ಪ್ರಿಂಗು ಮತ್ತು ಗೋಡೆಯ ಮೇಲಿನ ಎಣ್ಣೆಯ ಪಸೆ. ಆ ಪಸೆಗೆಂದೇ ರೋಟರಿ ಎಂಜಿನಿನಲ್ಲಿ ಪ್ರತ್ಯೇಕ ಪಂಪೊಂದು ಎಂಜಿನ್ ಆಯಿಲನ್ನು ಹನಿಹನಿಯಾಗಿ ಕೋಶದೊಳಕ್ಕೆ ಬಿಡುತ್ತಿರುತ್ತದೆ.

ಮೊದಲು ಹೇಳಿದ ಒಂದು ನಿಮಿಷದ ಓಟದಲ್ಲಿ ಏನಾಗುತ್ತದೆಂಬುದು ಈಗ ಸ್ಪಷ್ಟವಾದೀತು. ತಣ್ಣಗಿರುವ ಎಂಜಿನಿಗೆ ಹೆಚ್ಚು ಪೆಟ್ರೋಲು ಬೇಕಾಗುತ್ತದೆಯಾದ್ದರಿಂದ ಅದು ಧಾರಾಳವಾಗಿ ಒಳಬರುತ್ತದೆ. ಅದೆಲ್ಲ ಆವಿಯಾಗಿ ಉರಿಯುವಷ್ಟು ಬಿಸಿ ಹುಟ್ಟುವ ಮೊದಲೇ ಎಂಜಿನು ನಿಂತರೆ, ಉಳಿದ ಪೆಟ್ರೋಲು ಗೋಡೆಯ ಮೇಲಿಳಿದು ಎಣ್ಣೆಯ ಪಸೆಯನ್ನು ತೊಳೆದುಬಿಡುತ್ತದೆ. ಮರುದಿನ ಕೀಲಿ ತಿರುಗಿಸಿದಾಗ ಒತ್ತಡವೇರುವುದಿಲ್ಲ. ಒತ್ತಡವಿಲ್ಲದ್ದರಿಂದ ಉರಿ ಹತ್ತುವುದಿಲ್ಲ. ಉರಿಯದ್ದರಿಂದ ಇಂಜೆಕ್ಟರುಗಳು ಸುರಿಸುವ ಹೊಸ ಪೆಟ್ರೋಲು ಹಳೆಯದರೊಡನೆ ಸೇರಿ, ಪ್ಲಗ್ಗುಗಳನ್ನು ನೆನೆಸಿ, ಕಿಡಿಯನ್ನೂ ಕೊಲ್ಲುತ್ತದೆ. ಸೆಲ್ಫ್ ಹೊಡೆದಷ್ಟೂ ಅನರ್ಥ.

ಈ ವಂಶದ ಗಾಡಿಗಳನ್ನು ಬಲ್ಲ ಮೆಕ್ಯಾನಿಕ್ಕನು ಆದಕಾರಣ ಮೊದಲು ಉಪಯೋಗಿಸುವುದು ಕಿವಿಯನ್ನು. ಸ್ಟಾರ್ಟರು ಎಳೆಯುವಾಗ, ಬೆಟ್ಟವೇರುವವನ ಉಸಿರಿನಂತಲ್ಲದೆ, ಎಲ್ಲಿಯೂ ತಡೆಯಿಲ್ಲದ ಒಂದೇ ಸಮನೆಯ ಸುಯ್ಲು ಕೇಳಿದರೆ ಒಳಗೆ ಕಂಪ್ರೆಷನ್ ಇಲ್ಲವೆಂದು ಅರ್ಥ. ಅನಂತರ ಮೂಗು: ಸೈಲೆನ್ಸರಿನ ಬಾಯಲ್ಲಿ ಹಸಿ ಪೆಟ್ರೋಲಿನ ವಾಸನೆಯಿದೆಯೇ? ಬಳಿಕ ಎಡಗಡೆಯ ಮುಂಚಕ್ರದ ಬದಿಯಿಂದ ಕೈತೂರಿಸಿ ಪ್ಲಗ್ಗನ್ನು ಬಿಚ್ಚುತ್ತಾನೆ. ಒಂದೊಂದು ರೋಟರಿಗೆ ಎರಡೆರಡು ಪ್ಲಗ್ಗುಗಳು. ಮೊದಲು ಕಿಡಿಕೊಡುವ ಲೀಡಿಂಗ್ ಪ್ಲಗ್ಗು ಕೆಳಗೆ, ಹಿಂಬಾಲಿಸುವ ಟ್ರೈಲಿಂಗ್ ಪ್ಲಗ್ಗು ಮೇಲೆ. ಕೆಳಗಿನದು ಪೆಟ್ರೋಲಿನಲ್ಲಿ ತೊಯ್ದು ತೊಟ್ಟಿಕ್ಕುತ್ತಿದ್ದರೆ ರೋಗನಿದಾನವು ಮುಕ್ಕಾಲು ಮುಗಿದಂತೆಯೇ. ಒಣಗಿದ್ದರೆ ಪೆಟ್ರೋಲೇ ಬರುತ್ತಿಲ್ಲವೆಂದು ಪಂಪನ್ನೂ, ದಂಡದ ಸ್ಥಾನವನ್ನು ತಿಳಿಸುವ ಸೆನ್ಸರನ್ನೂ ಶಂಕಿಸಬೇಕು. ಕಿಡಿಯೇ ಕ್ಷೀಣವಾಗಿದ್ದರೆ ಆರ್‌ಎಕ್ಸ್-8ರ ನಾಲ್ಕು ಇಗ್ನಿಷನ್ ಕಾಯಿಲುಗಳನ್ನು ನೋಡಬೇಕು, ಏಕೆಂದರೆ ಅವು ಕಾಲಕ್ರಮದಲ್ಲಿ ದುರ್ಬಲವಾಗುವುದಕ್ಕೆ ಹೆಸರಾದವು.

ಚಿಕಿತ್ಸೆಯು ಆತುರವನ್ನು ಸಹಿಸುವುದಿಲ್ಲ. ಆರ್‌ಎಕ್ಸ್-8ರಲ್ಲಿ ಆಕ್ಸಿಲರೇಟರನ್ನು ನೆಲಕ್ಕೆ ಮುಟ್ಟುವಂತೆ ಒತ್ತಿಹಿಡಿದು ಸೆಲ್ಫ್ ಹೊಡೆದರೆ ಇಂಜೆಕ್ಟರುಗಳು ಪೆಟ್ರೋಲನ್ನು ನಿಲ್ಲಿಸುತ್ತವೆ. ಹಿಂದಿನ ತಲೆಮಾರಿನ ಗಾಡಿಗಳಲ್ಲಿ ಪಂಪಿನ ಫ್ಯೂಸನ್ನೇ ಕಿತ್ತಿಡುತ್ತಾರೆ. ಪ್ಲಗ್ಗುಗಳನ್ನು ಬಿಚ್ಚಿ ಹತ್ತು ಹತ್ತು ಸೆಕೆಂಡು ಎಳೆದಾಗ, ರಂಧ್ರಗಳಿಂದ ಪೆಟ್ರೋಲು ತುಂತುರಾಗಿ ಹೊರಗೆ ಚಿಮ್ಮುತ್ತದೆ. ಆಗ ಹತ್ತಿರದಲ್ಲಿ ಬೀಡಿ ಸೇದುವವರಿರಬಾರದು. ಆ ಬಳಿಕ ಪ್ಲಗ್ಗಿನ ರಂಧ್ರದ ಮೂಲಕ ಸ್ವಲ್ಪ ಆಯಿಲನ್ನು ಬಿಟ್ಟು, ಕೈಯಿಂದ ಎಂಜಿನನ್ನು ತಿರುಗಿಸಿ, ತೊಳೆದುಹೋದ ಪಸೆಯನ್ನು ಗೋಡೆಗೆ ಮರಳಿ ಸವರುವಂತೆ ಮಾಡಿ, ಒಣಗಿಸಿದ ಅಥವಾ ಹೊಸ ಪ್ಲಗ್ಗುಗಳನ್ನು ಹಾಕಿ, ಪೂರ್ಣವಾಗಿ ಚಾರ್ಜಾದ ಬ್ಯಾಟರಿಯಿಂದ ಮತ್ತೆ ಪ್ರಯತ್ನಿಸಬೇಕು. ಎಂಜಿನು ಮೊದಲು ಕೆಮ್ಮುತ್ತದೆ, ಒಂದು ರೋಟರಿನಿಂದಲೇ ಕುಂಟುತ್ತದೆ, ಅನಂತರ ಬೀದಿಯನ್ನೆಲ್ಲ ತುಂಬುವಷ್ಟು ನೀಲಿ ಬಿಳಿಯ ಹೊಗೆಯನ್ನು ಕಾರುತ್ತದೆ. ನೆರೆಹೊರೆಯವರು ಬೆಂಕಿ ಬಿದ್ದಿತೆಂದು ಕೊಡ ಹಿಡಿದು ಓಡಿಬಂದರೂ ಎಂಜಿನನ್ನು ಆಗ ನಿಲ್ಲಿಸಕೂಡದು. ಬಿಸಿಯೇರಿ ಹೊಗೆ ತಿಳಿಯಾಗುವವರೆಗೆ ಓಡಿಸಬೇಕು.

ಇಷ್ಟಾದರೂ ಹತ್ತದಿದ್ದರೆ ಸೀಲುಗಳನ್ನೇ ಪರೀಕ್ಷಿಸಬೇಕು. ಪ್ಲಗ್ಗಿನ ರಂಧ್ರವನ್ನು ತೆರೆದಿಟ್ಟು ಎಳೆದಾಗ, ರೋಟರಿನ ಮೂರು ಮುಖಗಳು ಒಂದಾದಮೇಲೊಂದು ಹಾದುಹೋಗುವ ಮೂರು ಸಮಾನವಾದ ಪುಸ್ಸೆಂಬ ಸದ್ದುಗಳು ಕೇಳಬೇಕು. ಒಂದು ಮಾತ್ರ ಬಲವಾಗಿ ಉಳಿದೆರಡು ಸೊರಗಿದ್ದರೆ ಏಪೆಕ್ಸ್ ಸೀಲೊಂದು ಮುರಿದಿದೆ. ಏಕೆಂದರೆ ಒಂದೊಂದು ಸೀಲೂ ತನ್ನ ಎರಡು ಪಕ್ಕದ ಅವಕಾಶಗಳಿಗೂ ಕಾವಲು. ಗ್ಯಾರೇಜುಗಳಲ್ಲಿರುವ ಮಾಮೂಲು ಕಂಪ್ರೆಷನ್ ಗೇಜು ಮೂರರಲ್ಲಿ ಅತ್ಯಧಿಕವಾದುದನ್ನು ಮಾತ್ರ ಹಿಡಿದು ತೋರಿಸುತ್ತದಾದ್ದರಿಂದ, ಎರಡು ಮುಖಗಳು ಸತ್ತಿರುವ ಎಂಜಿನು ಅದರ ಸಾಕ್ಷ್ಯದಲ್ಲಿ ಆರೋಗ್ಯವಂತವಾಗಿ ಕಾಣಿಸುತ್ತದೆ. ರೋಟರಿಗೆಂದೇ ಮಾಡಿದ ಗೇಜಿಲ್ಲದೆ ಇಲ್ಲಿ ತೀರ್ಪು ಕೊಡಲಾಗದು.

ಇವೆಲ್ಲ ಮಜ್ದಾದವರಿಗೆ ಅರಿಯದ ಸಂಗತಿಗಳಾಗಿರಲಿಲ್ಲ. 1970ರ ದಶಕದಲ್ಲಿ ಅಮೆರಿಕದ ಶೀತಪ್ರದೇಶಗಳಿಗೆ ಹೋದ ಅವರ ಗಾಡಿಗಳಲ್ಲಿ, ಹಿಮ ಬೀಳುವ ದಿನಗಳಲ್ಲಿ ಚಾಲೂ ಮಾಡುವಾಗ ಹೆಪ್ಪುಗಟ್ಟದ ದ್ರವವೊಂದನ್ನು ಎಂಜಿನಿನೊಳಕ್ಕೆ ಬಿಡುವ ಪುಟ್ಟ ಟ್ಯಾಂಕೊಂದು ಇರುತ್ತಿತ್ತು. 1973ರ ತೈಲಸಂಕಟವು ಪೆಟ್ರೋಲು ಕುಡಿಯುವ ರೋಟರಿಯನ್ನು ಬಹುತೇಕ ಮುಗಿಸಿಯೇಬಿಟ್ಟಿತ್ತು. ಜನರಲ್ ಮೋಟಾರ್ಸ್‌ನಂತಹ ದೈತ್ಯ ಸಂಸ್ಥೆಯೂ ತನ್ನ ಯೋಜನೆಯನ್ನು ಕೈಬಿಟ್ಟಿತು. ಹಿರೋಶಿಮದವರು ಮಾತ್ರ ಬಿಡಲಿಲ್ಲ. 1978ರಲ್ಲಿ ಆರ್‌ಎಕ್ಸ್-7 ಬಂದಿತು. ಅದರ ಎರಡನೆಯ ತಲೆಮಾರಿನಲ್ಲಿ ಇಂಜೆಕ್ಟರುಗಳು ಹಳತಾಗಿ, ನಿಂತ ಗಾಡಿಯಲ್ಲಿಯೂ ಒಳಕ್ಕೆ ಪೆಟ್ರೋಲನ್ನು ಜಿನುಗಿಸುತ್ತಿದ್ದುದರಿಂದ, ಎಷ್ಟೋ ಮಂದಿ ಒಡೆಯರು ಪೆಟ್ರೋಲನ್ನು ನಿಲ್ಲಿಸುವ ಸಣ್ಣ ಸ್ವಿಚ್ಚೊಂದನ್ನು ತಾವೇ ಅಳವಡಿಸಿಕೊಂಡರು. ಆರ್‌ಎಕ್ಸ್-8ಕ್ಕೆ ಕಂಪೆನಿಯು ತರುವಾಯ ಹೆಚ್ಚು ಬಲವುಳ್ಳ ಸ್ಟಾರ್ಟರನ್ನು ಕೊಟ್ಟಿತು. ಅಮೆರಿಕದಲ್ಲಿ ಎಂಜಿನಿನ ವಾರಂಟಿಯನ್ನು 8 ವರ್ಷ ಅಥವಾ 1 ಲಕ್ಷ ಮೈಲಿಗಳವರೆಗೆ ವಿಸ್ತರಿಸಿತು. ಬೆಚ್ಚಗಾಗಿಸದೆ ನಿಲ್ಲಿಸಬಾರದು ಎಂಬ ಆಚಾರವು ಒಡೆಯರಿಂದ ಒಡೆಯರಿಗೆ ಬಾಯಿಂದ ಬಾಯಿಗೆ ಹರಡಿತು. ಯಂತ್ರಶಾಸ್ತ್ರವು ತೀರಿಸಲಾಗದ ಸಾಲವನ್ನು ಆಚಾರವು ಕಂತುಕಂತಾಗಿ ತೀರಿಸುತ್ತ ಬಂದಿದೆ.

1991ರ ಜೂನಿನಲ್ಲಿ ಲೆ ಮಾನ್‌ನ ಇಪ್ಪತ್ತನಾಲ್ಕು ಗಂಟೆಗಳ ಓಟವನ್ನು ನಾಲ್ಕು ರೋಟರುಗಳ ಮಜ್ದಾ 787ಬಿ 362 ಸುತ್ತುಗಳನ್ನು ಮುಗಿಸಿ ಗೆದ್ದುದನ್ನು, ಜಪಾನೀಯರು ಗೆದ್ದದ್ದು ಅರ್ಧ ಯುದ್ಧವೆಂಬ ನನ್ನ ಆಕ್ಷೇಪಕ್ಕೆ ಉತ್ತರವಾಗಿ ತೋರಿಸುವವರುಂಟು. ಅದು ಉತ್ತರವಲ್ಲ, ಪುಷ್ಟಿ. ಒಮ್ಮೆ ಬಿಸಿಯೇರಿದ ಮೇಲೆ ಹಗಲಿರುಳು ದಂಡಿಸಿದರೂ ಈ ಎಂಜಿನಿಗೆ ಆಯಾಸವಿಲ್ಲ. ಅದನ್ನು ಕೊಲ್ಲುವುದು ತರಕಾರಿ ತರಲು ಹೋಗಿಬರುವ ಅರ್ಧ ಮೈಲಿಯ ಓಟಗಳು. 2023ರಲ್ಲಿ ಮಜ್ದಾ ಎಂಎಕ್ಸ್-30 ಎಂಬ ಗಾಡಿಯಲ್ಲಿ ರೋಟರಿಯನ್ನು ಮತ್ತೆ ತಂದಿತು. ಅಲ್ಲಿ 830 ಸಿ.ಸಿ.ಯ ಒಂದೇ ರೋಟರು. ಅದು ಚಕ್ರಗಳನ್ನು ತಿರುಗಿಸುವುದಿಲ್ಲ, ಬ್ಯಾಟರಿಗೆ ವಿದ್ಯುತ್ತನ್ನು ಮಾತ್ರ ಒದಗಿಸುತ್ತದೆ. ಏಪೆಕ್ಸ್ ಸೀಲನ್ನು 2 ಮಿಲಿಮೀಟರಿನಿಂದ 2.5 ಮಿಲಿಮೀಟರಿಗೆ ದಪ್ಪ ಮಾಡಿದ್ದಾರೆ.

ಹಳೆಯ ಆರ್‌ಎಕ್ಸ್-7ನ್ನೋ ಆರ್‌ಎಕ್ಸ್-8ನ್ನೋ ಕೊಳ್ಳಹೊರಟವರು ಬಣ್ಣವನ್ನೂ ಓಡಿದ ಮೈಲಿಗಳನ್ನೂ ನೋಡುವ ಮೊದಲು, ಚೆನ್ನಾಗಿ ಬಿಸಿಯೇರಿದ ಎಂಜಿನನ್ನು ನಿಲ್ಲಿಸಿಸಿ, ಹತ್ತು ನಿಮಿಷದ ಮೇಲೆ ತಮ್ಮೆದುರಿನಲ್ಲಿಯೇ ಮತ್ತೆ ಚಾಲೂ ಮಾಡಿಸಲಿ. ಸವೆದ ಸೀಲುಗಳು ತಮ್ಮ ಗುಟ್ಟನ್ನು ಬಿಟ್ಟುಕೊಡುವುದು ಬಿಸಿಯಲ್ಲಿ. ತರುವಾಯ ಎರಡು ರೋಟರುಗಳ ಆರು ಮುಖಗಳ ಕಂಪ್ರೆಷನ್ ಅಂಕಿಗಳನ್ನು ಬರಹದಲ್ಲಿ ಕೇಳಲಿ. ಆ ಆರು ಅಂಕಿಗಳನ್ನು ಕೊಡಲೊಪ್ಪದವರಿಂದ ಗಾಡಿಯನ್ನು ಕೊಳ್ಳಬಾರದು.